ಏಳರಲ್ಲಿ ತವರಿಗೋ, ಏಳು ತುಂಬಿದ ಮೇಲೋ? ವಾರದ ಲೆಕ್ಕ ಯಾರಾದ್ರೂ ಬಿಡಿಸಿ ಹೇಳಿ

ಸವಣೂರ ಹುಡುಗಿ | ಜನವರಿ 12

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಹುಬ್ಬಳ್ಳಿಯಲ್ಲಿ, ವಿದ್ಯಾನಗರದ ಹತ್ತಿರ. ತವರು ಸವಣೂರು ತಾಲೂಕಿನ ಒಂದು ಹಳ್ಳಿ. ಅತ್ತೆ-ಮಾವ ಗದಗಿನಲ್ಲಿ. ಇದು ಮೊದಲನೇ ಬಸಿರು. ಕೊನೆಯ ಮುಟ್ಟು ಶುರುವಾದದ್ದು ನವೆಂಬರ್ 10ಕ್ಕೆ.

ನನಗೀಗ ಎಷ್ಟು ತಿಂಗಳು ಅಂತ ಮೂರು ಕಡೆ ಕೇಳಿದೆ, ಮೂರು ಉತ್ತರ ಬಂದವು. ಅವ್ವ "ಎರಡು ತುಂಬಿ ಮೂರರಾಗ ಬಿದ್ದಾವ" ಅಂದಳು. ಅತ್ತೆ ಮುಟ್ಟು ತಪ್ಪಿದ ದಿನದಿಂದ ಎಣಿಸುತ್ತಾರೆ, ಅವರ ಪ್ರಕಾರ ಇನ್ನೂ ಎರಡನೇದು. ಡಾಕ್ಟರ್ ಚೀಟಿಯಲ್ಲಿ 9 ವಾರ ಅಂತಿದೆ.

ಅವ್ವ ಆಗಲೇ ಕುಬಸದ (ಸೀಮಂತದ) ಸೀರೆ ನೋಡುತ್ತಿದ್ದಾಳೆ. ಏಳರಲ್ಲಿ ಕುಬಸ ಮಾಡಿ ಕರ್ಕೊಂಡು ಹೋಗ್ತೀನಿ ಅಂತಾಳೆ. ಏಳರಲ್ಲಿ ಅಂದರೆ ಆರು ತುಂಬಿದ ಮೇಲಾ, ಏಳು ತುಂಬಿದ ಮೇಲಾ? ಎರಡಕ್ಕೂ ಒಂದು ತಿಂಗಳ ಅಂತರ ಇದೆ. ನಾನು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ, ರಜೆ ದಿನಾಂಕ ಮೊದಲೇ ಹೇಳಬೇಕು. ಯಾವಾಗ ಏನು ಮಾಡಬೇಕು, ಯಾವುದು ತಡ ಮಾಡಿದರೆ ನಡೆಯುವುದಿಲ್ಲ, ಗೊತ್ತಿದ್ದವರು ಹೇಳಿ. ವಾಂತಿ ಜಾಸ್ತಿ ಇದೆ, ಅದಕ್ಕೂ ಏನಾದರೂ ಇದ್ದರೆ ಹೇಳಿ.

ಲೈನ್ ಬಜಾರ್ ಸಿಸ್ಟರ್ | ಜನವರಿ 12

ತಂಗಿ, ಮೊದಲು ಅಭಿನಂದನೆ. ನಾನು ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ಈಗ ಧಾರವಾಡದ ಮನೆಯಲ್ಲಿ ಕೂತವಳು.

ನಿಮ್ಮ ಅವ್ವ, ಅತ್ತೆ ಯಾರೂ ತಪ್ಪು ಹೇಳಿಲ್ಲ. ಎಣಿಸೋಕೆ ಶುರು ಮಾಡಿದ ಜಾಗ ಬೇರೆ, ಅಷ್ಟೇ. ಆಸ್ಪತ್ರೆ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರು. ಅಲ್ಲಿಂದ 280 ದಿನ, ಅಂದರೆ 40 ವಾರ. ಸುಲಭ ಲೆಕ್ಕ ಬೇಕಾದರೆ ಒಂಬತ್ತು ತಿಂಗಳು, ಅದರ ಮೇಲೆ ಏಳು ದಿನ. ನಿನ್ನದು ಆಗಸ್ಟ್ 17. ಹಳೇ ಮಂದಿ "ಒಂಬತ್ತು ತಿಂಗಳು ಒಂಬತ್ತು ದಿನ" ಅಂತಿದ್ದರಲ್ಲ, ಆ ಲೆಕ್ಕದಲ್ಲಿ ಆಗಸ್ಟ್ 19. ಎರಡೇ ದಿನದ ಫರಕು ನೋಡು! ಆದರೆ ಸರಿಯಾಗಿ ಆ ದಿನವೇ ಹೆರುವವರು ನೂರಕ್ಕೆ ನಾಲ್ಕೈದು ಜನ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಆಗಬಹುದು.

ವಾರ ಯಾಕೆ ಎಣಿಸಬೇಕು ಅಂದರೆ, ಕೆಲವು ಕೆಲಸಕ್ಕೆ ಬಾಗಿಲು ತೆರೆದಿರುವುದು ಎರಡು-ಮೂರು ವಾರ ಅಷ್ಟೇ. ಮೊದಲ ಮೂರು ತಿಂಗಳ ಸ್ಕ್ಯಾನ್ 11ನೇ ವಾರದಿಂದ 13 ವಾರ 6 ದಿನದೊಳಗೆ ಆಗಬೇಕು. ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯೋದು ಆಗಲೇ, ಆಮೇಲೆ ಅಳೆದರೆ ಅರ್ಥವಿಲ್ಲ. ನಿನಗೆ ಜನವರಿ 26ರಿಂದ ಫೆಬ್ರವರಿ 15. ಈಗಲೇ ದಿನ ತಗೋ. ಅಂಗಾಂಗ ನೋಡುವ ದೊಡ್ಡ ಸ್ಕ್ಯಾನ್ 18ರಿಂದ 20 ವಾರದೊಳಗೆ. ದೊಡ್ಡ ದೋಷ ಏನಾದರೂ ಕಂಡರೆ ಮುಂದಿನ ನಿರ್ಧಾರಕ್ಕೆ ಕಾನೂನಿನ ಮಿತಿಯೂ ವಾರದಲ್ಲೇ ಇದೆ. ಅದಕ್ಕೇ "ಐದು ತುಂಬಲಿ, ಮಾಡಿಸಿದರಾಯ್ತು" ಅಂತ ಕೂರಬಾರದು.

ಫೋಲಿಕ್ ಆಸಿಡ್ ನುಂಗುತ್ತಿದ್ದೀಯಾ? ನಿಜವಾಗಿ ಅದನ್ನು ಬಸಿರಿಗೆ ಮೊದಲೇ ಶುರು ಮಾಡಬೇಕು. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚೋದು ಆರನೇ ವಾರದ ಹೊತ್ತಿಗೆ, ಎಷ್ಟೋ ಹುಡುಗಿಯರಿಗೆ ಬಸಿರಿ ಅಂತ ಗೊತ್ತಾಗೋದೇ ಆಗ. ಇದನ್ನು ಓದುತ್ತಿರುವ ಹೊಸ ಮದುವೆಯವರು ಗಮನಿಸಿ.

ವಾಂತಿಗೆ: ಏಳುತ್ತಲೇ ಚಹಾ ಬೇಡ. ಹಾಸಿಗೆ ಪಕ್ಕ ಒಂದು ಹಿಡಿ ಚುರಮುರಿ ಇಟ್ಟುಕೋ, ತಿಂದು ಹತ್ತು ನಿಮಿಷ ಬಿಟ್ಟು ಏಳು. ಹೊಟ್ಟೆ ಖಾಲಿ ಬಿಡಬೇಡ. ನೀರು ಕುಡಿದರೂ ನಿಲ್ಲುತ್ತಿಲ್ಲ, ಉಚ್ಚೆ ಕಡು ಹಳದಿ ಬರ್ತಿದೆ ಅಂದರೆ ಮನೆಮದ್ದು ಸಾಕು ಮಾಡಿ ಆಸ್ಪತ್ರೆಗೆ ಹೋಗು.

ಬೆಟಗೇರಿ ಅಕ್ಕ | ಜನವರಿ 12

ನಾನು ಸ್ಕ್ಯಾನ್ ಮಾತಾಡೋದಿಲ್ಲ, ತವರಿನ ಮಾತಾಡ್ತೀನಿ. ಯಾಕಂದರೆ ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ನನ್ನ ರಕ್ತ ಓ ನೆಗೆಟಿವ್, ಮನೆಯವರದು ಪಾಸಿಟಿವ್. ಮೊದಲನೇ ಸಲ ಗದಗಿನಲ್ಲಿ ತೋರಿಸುತ್ತಿದ್ದೆ. 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಅಂತ ಡಾಕ್ಟರ್ ಫೈಲಿನಲ್ಲಿ ಬರೆದಿದ್ದರು. ಮಗುವಿನ ಪಾಸಿಟಿವ್ ರಕ್ತದ ಮೇಲೆ ತಾಯಿಯ ಮೈ ತಿರುಗಿ ಬೀಳದಂತೆ ತಡೆಯೋದು ಅದು. 27ನೇ ವಾರಕ್ಕೆ ಕುಬಸ. ಐದು ನಮೂನೆ ಬುತ್ತಿ, ಹಸಿರು ಬಳೆ, ಸೀರೆ. ಪೆಟ್ಟಿಗೆಗೆ ಸೀರೆ ಎಣಿಸಿ ಹಾಕಿದವರು ಆರು ಜನ. ಫೈಲ್ ಮಾತ್ರ ಕಪಾಟಿನಲ್ಲೇ ಉಳಿಯಿತು. ತವರು ರೋಣದ ಕಡೆ ಹಳ್ಳಿ. ಅಲ್ಲಿ ಆರಾಮಾಗಿದ್ದೆ, ಹೊಟ್ಟೆ ತುಂಬ ಉಂಡೆ, ಮಲಗಿದೆ. 28 ಬಂತು, ಹೋಯ್ತು. 33ರಲ್ಲಿ ತೋರಿಸಲು ಹೋದಾಗ ಅಲ್ಲಿಯವರು "ಇಂಜೆಕ್ಷನ್ ಆಯ್ತಾ?" ಅಂತ ಕೇಳಿದರು. ಯಾವ ಇಂಜೆಕ್ಷನ್ ಅಂದೆ.

ಪುಣ್ಯಕ್ಕೆ ಏನೂ ಆಗಲಿಲ್ಲ. ಮಗಳದು ಪಾಸಿಟಿವ್, ಹೆರಿಗೆಯಾಗಿ 72 ತಾಸಿನೊಳಗೆ ಹಾಕುವ ಇಂಜೆಕ್ಷನ್ ಹಾಕಿದರು. ಆದರೆ ಎರಡನೇ ಬಸಿರಿನಲ್ಲಿ, ನನ್ನ ಮೈ ಹಾಗೆ ತಿರುಗಿ ಬಿದ್ದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ ಫಲಿತಾಂಶ ಬರುವ ತನಕ ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ತಂಗಿ, ಬುತ್ತಿ ಮರೆತರೂ ನಡೆಯುತ್ತೆ. ಫೈಲ್, ತಾಯಿ ಕಾರ್ಡ್ ಎರಡೂ ನಿನ್ನ ಕೈಚೀಲದಲ್ಲಿ ಇರಲಿ. ಪ್ರತಿ ಪುಟದ ಫೋಟೋ ಗಂಡನ ಮೊಬೈಲಲ್ಲೂ ಇರಲಿ.

ಹಾನಗಲ್ ರೈತ | ಜನವರಿ 13

ಎಲ್ಲರೂ ಹುಡುಗೀನ ಹೆದರಿಸ್ತಾ ಇದ್ದೀರಿ. ನಮ್ಮ ಅಜ್ಜಿ ಹನ್ನೊಂದು ಹೆತ್ತಳು. ಒಂದು ವಾರ ಎಣಿಸಲಿಲ್ಲ, ಒಂದು ಸ್ಕ್ಯಾನ್ ನೋಡಲಿಲ್ಲ. ಹೊಲದಿಂದ ಬಂದು ಹೆತ್ತು ಮತ್ತೆ ಹೊಲಕ್ಕೆ ಹೋದವಳು.

ಲೈನ್ ಬಜಾರ್ ಸಿಸ್ಟರ್ | ಜನವರಿ 13

ಹನ್ನೊಂದರಲ್ಲಿ ಎಷ್ಟು ಉಳಿದವು ಅಂತ ಕೇಳಿದ್ದೀರಾ ಅಣ್ಣಾ?

ಹಾನಗಲ್ ರೈತ | ಜನವರಿ 14

ನಿನ್ನೆ ರಾತ್ರಿ ಅಪ್ಪನಿಗೆ ಕೇಳಿದೆ. ಆರು.

ನನಗೆ ಗೊತ್ತಿರಲಿಲ್ಲ. ಮುಂದುವರಿಸಿ.

ಕೇಶ್ವಾಪುರದ ಅಪ್ಪ | ಜನವರಿ 14

ಗಂಡಸರು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಬರೀತೀನಿ. ನಿಮ್ಮ ಮನೆಯವರಿಗೆ ತೋರಿಸಿ.

ರಜೆಯ ಲೆಕ್ಕ ನಾನು ನನ್ನ ಹೆಂಡತಿಗೆ ಮಾಡಿಕೊಟ್ಟಿದ್ದೆ. ಕಾನೂನು ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಮೇತ ರಜೆ. ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತಗೋಬಹುದು. ನಿಮ್ಮ ದಿನಾಂಕ ಆಗಸ್ಟ್ 17 ಅಂದರೆ ಜೂನ್ 22ಕ್ಕಿಂತ ಮೊದಲು ಆ ರಜೆ ಶುರುವಾಗುವುದಿಲ್ಲ. ಅವ್ವ ಆರು ತುಂಬಿದ ಕೂಡಲೇ, ಮೇ 10ಕ್ಕೇ ಕರೆದರೆ ನಡುವಿನ ಆರು ವಾರ ಬೇರೆ ರಜೆ ಹಾಕಬೇಕು. ಜೂನ್ 22ಕ್ಕೆ ಹೋದರೆ ಡಿಸೆಂಬರ್ 21ಕ್ಕೆ ವಾಪಸ್, ಮಗುವಿಗೆ ನಾಲ್ಕು ತಿಂಗಳು. 36 ವಾರದ ತನಕ ಕೆಲಸ ಮಾಡಿ ಜುಲೈ 20ಕ್ಕೆ ಹೋದರೆ ಜನವರಿ 18ರ ತನಕ ಮಗುವಿನ ಜೊತೆ. ಆರು ತಿಂಗಳು ಎದೆಹಾಲು ಅಂತಾರಲ್ಲ, ಅದಕ್ಕೆ ಇದೇ ಹತ್ತಿರ. ಮೈ ಹೇಗಿದೆ ಅನ್ನೋದರ ಮೇಲೆ ನಿರ್ಧಾರ ಮಾಡಿ.

ಇನ್ನೊಂದು. ನನ್ನ ಹೆಂಡತಿಗೆ 35ನೇ ವಾರದಲ್ಲಿ ತಲೆನೋವು ಬಂತು. ಏಪ್ರಿಲ್ ತಿಂಗಳು, ಬಿಸಿಲಿಗೆ ಅಂದುಕೊಂಡೆವು. ಕಾಲು ಊದಿಕೊಂಡಿತ್ತು, ಬಸುರಿಯರಿಗೆ ಊದುತ್ತೆ ಅಂತ ನಮ್ಮ ಅವ್ವ ಅಂದಳು. ಮರುದಿನ ಮುಖವೂ ಊದಿತು, ಕಣ್ಣು ಮಂಜು. ಹೋಗಿ ನೋಡಿದರೆ ಬಿಪಿ 150/100. ಅವತ್ತೇ ಸೇರಿಸಿಕೊಂಡರು. 37ಕ್ಕೆ ಔಷಧ ಕೊಟ್ಟು ನೋವು ಬರಿಸಿದರು. ತಾಯಿ, ಮಗ ಇಬ್ಬರೂ ಗಟ್ಟಿಯಾಗಿದ್ದಾರೆ. ಆದರೆ ಆ ಒಂದು ದಿನ ನಾನು ಬಿಸಿಲನ್ನು ಬೈದುಕೊಂಡು ಕೂತಿದ್ದೆನಲ್ಲ, ಅದು ಈಗಲೂ ಚುಚ್ಚುತ್ತೆ. 140/90 ದಾಟಿದರೆ ಸುಮ್ನೆ ಕೂರಬೇಡಿ.

ಸವಣೂರ ಹುಡುಗಿ | ಜನವರಿ 15

ಎಲ್ಲರಿಗೂ ಋಣಿ. ಚುರಮುರಿ ಕೆಲಸ ಮಾಡ್ತಿದೆ ಸಿಸ್ಟರ್! ಫೋಲಿಕ್ ಆಸಿಡ್ ಏಳನೇ ವಾರದಿಂದ ಶುರು ಮಾಡಿದ್ದೆ. ಆಶಾ ಅಕ್ಕ ಬಂದು ತಾಯಿ ಕಾರ್ಡ್ ಮಾಡಿಸಿಕೊಟ್ಟರು. ನನ್ನ ರಕ್ತ ಬಿ ಪಾಸಿಟಿವ್, ಆ ಚಿಂತೆ ಇಲ್ಲ. ಸಕ್ಕರೆ ಪರೀಕ್ಷೆಯೂ ಮಾಡಿದರು, 118.

ಸವಣೂರ ಹುಡುಗಿ | ಮಾರ್ಚ್ 19

ಮತ್ತೆ ಬಂದೆ. 18 ವಾರ 3 ದಿನ. ದೊಡ್ಡ ಸ್ಕ್ಯಾನ್ ಆಯ್ತು, ಎಲ್ಲ ಸರಿ ಇದೆ ಅಂದರು. ಮೂರು ಪ್ರಶ್ನೆ.

ಈ ಸ್ಕ್ಯಾನಿನಲ್ಲಿ ಹೆರಿಗೆ ದಿನ ಆಗಸ್ಟ್ 21 ಅಂತ ಬಂದಿದೆ. ಫೆಬ್ರವರಿಯಲ್ಲಿ ಮಾಡಿದ್ದರಲ್ಲಿ 17 ಇತ್ತು. ಯಾವುದನ್ನು ಹಿಡಿಯಲಿ?

ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 9.8 ಬಂದಿದೆ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ಕಟ್ಟುತ್ತೆ, ಮಲ ಕಪ್ಪಾಗುತ್ತೆ. ನಿಲ್ಲಿಸಲಾ?

ಮೂರನೇದು ಪ್ರಶ್ನೆ ಅಲ್ಲ, ಗೋಳು. ಗದಗಿನಿಂದ ಅತ್ತೆಯ ಅಕ್ಕ ಬಂದಿದ್ದರು. "ಸ್ಕ್ಯಾನಿನವರಿಗೆ ಒಂಚೂರು ಕೇಳಬೇಕಿತ್ತು, ಗಂಡೋ ಹೆಣ್ಣೋ" ಅಂದರು. ಗೋಡೆ ಮೇಲೆ ಅಷ್ಟು ದೊಡ್ಡ ಫಲಕ ಹಾಕಿದ್ದಾರೆ, ಅದು ಅಪರಾಧ ಅಂತ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅತ್ತೆ "ಎರಡೂ ನಮ್ಮವೇ, ಚಹಾ ಕುಡಿ" ಅಂದುಬಿಟ್ಟರು. ಅವತ್ತಿನಿಂದ ಅತ್ತೆ ಮೇಲೆ ಪ್ರೀತಿ ಎರಡು ಪಟ್ಟು.

ಲೈನ್ ಬಜಾರ್ ಸಿಸ್ಟರ್ | ಮಾರ್ಚ್ 19

ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳು.

ದಿನಾಂಕ 17ನ್ನೇ ಹಿಡಿ. ಮೊದಲ ಮೂರು ತಿಂಗಳ ಸ್ಕ್ಯಾನಿನ ಲೆಕ್ಕ ಗಟ್ಟಿ, ಆಗ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಅಳತೆ. ಆಮೇಲೆ ಒಂದು ಉದ್ದ, ಒಂದು ಗಿಡ್ಡ. ಯಂತ್ರ ಅಳತೆ ನೋಡಿ ದಿನ ಹೇಳುತ್ತೆ, ಅದಕ್ಕೇ ಪ್ರತಿ ಸಲ ಬೇರೆ. ಮುಟ್ಟು ಏರುಪೇರು ಇರುವವರಿಗೆ ಆ ಮೊದಲ ಸ್ಕ್ಯಾನೇ ಪಂಚಾಂಗ.

ಮಾತ್ರೆ ಬಿಡಬೇಡ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಬಿದ್ದರೆ ಅಪಾಯ. ಮಲ ಕಪ್ಪಾಗೋದು ಮಾತ್ರೆಯ ಗುಣ, ಹೆದರಬೇಡ. ನಿನ್ನದು 9.8, ಒಂದೇ ಮಾತ್ರೆ ಸಾಕಾಗುವುದಿಲ್ಲ, ಎಷ್ಟು ಅಂತ ಡಾಕ್ಟರಿಗೇ ಕೇಳು. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡ, ಒಂದು ಇನ್ನೊಂದನ್ನು ಮೈಗೆ ಹತ್ತಗೊಡುವುದಿಲ್ಲ. ಕಬ್ಬಿಣಕ್ಕೆ ನಿಂಬೆಹುಳಿ ಜೊತೆ, ಚಹಾ ದೂರ. ಒಂದು ಜಂತುಹುಳದ ಮಾತ್ರೆಯೂ ಈ ಹೊತ್ತಿನಲ್ಲಿ ಕೊಡ್ತಾರೆ, ಕೇಳಿ ತಗೋ. ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ ಚುಚ್ಚುಮದ್ದು ಎರಡಾಯ್ತಾ? ನಾಲ್ಕು ವಾರದ ಅಂತರ ಇರಬೇಕು.

ಊಟಕ್ಕೆ ದೂರ ಹುಡುಕಬೇಡ. ರೊಟ್ಟಿ, ಹೆಸರುಕಾಳು ಪಲ್ಯ, ರಾಜಗಿರಿ, ಮೆಂತ್ಯೆ, ಪುಂಡಿ ಪಲ್ಯ, ಶೇಂಗಾ ಚಟ್ನಿ. ತಿನ್ನೋರಾದರೆ ಮೊಟ್ಟೆ. "ಇಬ್ಬರ ಊಟ ಉಣ್ಣು" ಅನ್ನೋದು ಜಾಸ್ತಿ ಆಯ್ತು. ದಿನಕ್ಕೆ ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ ಹೆಚ್ಚಿಗೆ ಉಂಡರೆ ಸಾಕು. ಮಣ್ಣು, ಸೀಮೆಸುಣ್ಣ ತಿನ್ನಬೇಕು ಅನಿಸುತ್ತಾ? ಅನಿಸಿದರೆ ನಾಚಬೇಡ, ರಕ್ತ ಕಡಿಮೆ ಆದಾಗ ಹಾಗಾಗುತ್ತೆ.

ರಾಣೆಬೆನ್ನೂರು ವೈನಿ | ಮಾರ್ಚ್ 20

ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತೆ ಅಂತ ನನಗೆ ಮೂರು ತಿಂಗಳು ಕುಡಿಸಿದರು. ಮಗ ಅವರಪ್ಪನ ಹಾಗೇ ಎಣ್ಣೆಗಪ್ಪು, ಚೆಂದ ಇದ್ದಾನೆ. ಹಾಲು ಮಾತ್ರ ಒಳ್ಳೇದು, ಕೇಸರಿ ದುಡ್ಡಿಗೆ ಮೊಟ್ಟೆ ತಗೊಳ್ಳಿ.

ನಮ್ಮ ಹಳ್ಳಿಯಲ್ಲಿ ಅಂಗನವಾಡಿಗೆ ಹೋದರೆ ಮಧ್ಯಾಹ್ನ ಬಿಸಿ ಊಟ, ಮೊಟ್ಟೆ ಕೊಡ್ತಾರೆ. ಮಾತೃಪೂರ್ಣ ಯೋಜನೆ ಅಂತ, 2017ರಿಂದ ಇದೆ. ಬಾಣಂತಿಯರಿಗೂ ಸಿಗುತ್ತೆ. ತವರಿಗೆ ಹೋದಾಗ ವಿಚಾರಿಸಿ, ಸಂಕೋಚ ಬೇಡ.

ಸವಣೂರ ಹುಡುಗಿ | ಮೇ 26

28 ವಾರ ಒಂದು ದಿನ. ಅಳು ಬರ್ತಿದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಗ್ಲುಕೋಸ್ ನೀರು ಕುಡಿಸಿ ಎರಡು ತಾಸು ಬಿಟ್ಟು ರಕ್ತ ನೋಡಿದರು. 152. ಬಸಿರಿನ ಸಕ್ಕರೆ ಕಾಯಿಲೆ ಅಂದರು. ಜನವರಿಯಲ್ಲಿ ಸರಿ ಇತ್ತಲ್ಲ? ನಾನು ಅಷ್ಟೇನೂ ಸಿಹಿ ತಿನ್ನೋದಿಲ್ಲ. ಧಾರವಾಡ ಪೇಡಾ ಯಾರಾದರೂ ತಂದರೆ ಅಷ್ಟೇ.

ಮುಂದಿನ ವಾರ ಕುಬಸ. ಹೋಳಿಗೆ, ಕರ್ಚಿಕಾಯಿ ಎಲ್ಲ ತಯಾರಿ ನಡೆದಿದೆ. ಅವ್ವನಿಗೆ ಇನ್ನೂ ಹೇಳಿಲ್ಲ.

ಲೈನ್ ಬಜಾರ್ ಸಿಸ್ಟರ್ | ಮೇ 26

ಅಳಬೇಡ ತಂಗಿ. ಇದು ನೀನು ತಿಂದ ಪೇಡಾದಿಂದ ಬಂದದ್ದಲ್ಲ. ಹೊಕ್ಕುಳಬಳ್ಳಿ ಹೊತ್ತ ಮಾಸು ಬೆಳೆದ ಹಾಗೆ ಅದರ ಹಾರ್ಮೋನು ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತೆ. 24ರಿಂದ 28 ವಾರದ ಹೊತ್ತಿಗೆ ಅದು ಜೋರಾಗುತ್ತೆ, ಅದಕ್ಕೇ ಎರಡನೇ ಸಲ ನೋಡೋದು. 140 ದಾಟಿದರೆ ಇದೆ ಅಂತ ಲೆಕ್ಕ. ಬಹಳಷ್ಟು ಮಂದಿಗೆ ಊಟ, ನಡಿಗೆಯಲ್ಲೇ ಹತೋಟಿಗೆ ಬರುತ್ತೆ. ಬರದಿದ್ದರೆ ಔಷಧ ಇದೆ. ಉಂಡು ಎರಡು ತಾಸಿಗೆ 120ರ ಒಳಗೆ ಇರಬೇಕು.

ಜೋಳದ ರೊಟ್ಟಿ ಅಂದರೆ ಎಷ್ಟು ಬೇಕಾದರೂ ಉಣ್ಣಬಹುದು ಅಂತ ನಮ್ಮ ಮಂದಿ ತಿಳಿದಿದ್ದಾರೆ. ಅಲ್ಲ. ಅದೂ ಪಿಷ್ಟವೇ. ರೊಟ್ಟಿ ಒಂದೂವರೆ, ಪಲ್ಯ ಎರಡು ಪಟ್ಟು, ಕಾಳು, ಮಜ್ಜಿಗೆ. ಒಮ್ಮೆಗೇ ಉಣ್ಣೋದನ್ನು ಆರು ಪಾಲು ಮಾಡು. ಉಂಡ ಮೇಲೆ ಉಣಕಲ್ ಕೆರೆ ದಂಡೆಯಲ್ಲಿ ಇಪ್ಪತ್ತು ನಿಮಿಷ ನಡಿ. ಕುಬಸದ ದಿನ ಹೋಳಿಗೆ ಒಂದು ತುಂಡು ಬಾಯಿಗೆ ಇಟ್ಟುಕೋ, ಶಾಸ್ತ್ರ ಮುಗಿಯಿತು.

ಈಗ ಮುಖ್ಯ ಮಾತು. ನಿನ್ನ ಯೋಜನೆ ಬದಲಾಗಬೇಕು. ಇನ್ನು ಎರಡು ವಾರಕ್ಕೊಮ್ಮೆಯಾದರೂ ಸಕ್ಕರೆ, ಬಿಪಿ, ಮಗುವಿನ ಬೆಳವಣಿಗೆ ನೋಡಬೇಕು. ಹೆರಿಗೆ ಆದ ಕೂಡಲೇ ಮಗುವಿನ ಸಕ್ಕರೆಯನ್ನೂ ನೋಡಬೇಕು, ಅದು ಒಮ್ಮೆಲೇ ಇಳಿಯಬಹುದು. ಮಕ್ಕಳ ಡಾಕ್ಟರ್ ಇರುವ ಆಸ್ಪತ್ರೆ ಬೇಕು. ಹಳ್ಳಿಯಿಂದ ರಾತ್ರಿ ಮಳೆಯಲ್ಲಿ ಹಾವೇರಿಗೋ ಹುಬ್ಬಳ್ಳಿಗೋ ಓಡೋದು ಯಾಕೆ? ನೀನು ಹುಬ್ಬಳ್ಳಿಯಲ್ಲೇ ಇರು. ತವರೇ ನಿನ್ನ ಹತ್ತಿರ ಬರಲಿ.

ಸವಣೂರ ಹುಡುಗಿ | ಮೇ 27

ಅವ್ವನಿಗೆ ಹೇಳಿದೆ. ಫೋನಿನಲ್ಲಿ ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ "ಮಗಳ ಗಂಡನ ಮನ್ಯಾಗ ನಾ ಬಂದು ತಿಂಗಳಗಟ್ಟಲೆ ಹ್ಯಾಂಗ ಇರಲಿ? ಮಂದಿ ಏನಂದಾರು" ಅಂದಳು. ಎಮ್ಮೆ ಬೇರೆ ಇವೆ, ಕರೆಯೋರು ಯಾರು ಅಂತ. ಮೊದಲ ಹೆರಿಗೆ ತವರಿನಲ್ಲಿ ಆಗದಿದ್ದರೆ ಅದು ಅವಳಿಗೆ ಸೋಲು. ನನಗೆ ಅದು ಅರ್ಥ ಆಗುತ್ತೆ.

ಬೆಟಗೇರಿ ಅಕ್ಕ | ಮೇ 27

ಇದನ್ನು ನೀನು ಮಾತಾಡಬೇಡ, ನಿನ್ನ ಗಂಡನೂ ಬೇಡ. ಅತ್ತೆ ಕಡೆಯಿಂದ ಹೇಳಿಸು. "ಎರಡೂ ನಮ್ಮವೇ" ಅಂದ ಅತ್ತೆ ತಾನೇ? ಅವರ ಕೈಲಿ ಆಗುತ್ತೆ. ಹೆರಿಗೆ ಹುಬ್ಬಳ್ಳಿಯಲ್ಲಿ, ಬಾಣಂತನ ಸವಣೂರಿನಲ್ಲಿ ಅಂತ ಪಾಲು ಮಾಡಿ.

ಸವಣೂರ ಹುಡುಗಿ | ಜೂನ್ 5

ಅತ್ತೆ ಕುಬಸದ ದಿನ ಎಲ್ಲರೆದುರಿಗೆ ಅವ್ವನ ಕೈ ಹಿಡಿದು "ಬೀಗತಿ, ನನಗೆ ಮೊಣಕಾಲು ನೋವು. ಆಸ್ಪತ್ರೆ ಮೆಟ್ಟಿಲು ಹತ್ತಲಿಕ್ಕೆ ಆಗಾಂಗಿಲ್ಲ. ನೀವು ಬರದಿದ್ದರ ಹುಡುಗಿ ಕೈ ಹಿಡಿಯೋರು ಯಾರು?" ಅಂದರು. ಅವರ ಮೊಣಕಾಲಿಗೆ ಏನೂ ಆಗಿಲ್ಲ. ಅವ್ವ ಜುಲೈ 20ಕ್ಕೆ ಬರ್ತಾಳೆ. ಎಮ್ಮೆಗೆ ಕಾಕಾನ ಮಗ ಒಪ್ಪಿದ್ದಾನೆ.

ಹೋಳಿಗೆ ಒಂದು ತುಂಡಲ್ಲ, ಎರಡು ತಿಂದೆ. ಸಿಸ್ಟರ್, ಕ್ಷಮಿಸಿ. ಸಂಜೆ ನೋಡಿದಾಗ 131 ಇತ್ತು.

ಕೇಶ್ವಾಪುರದ ಅಪ್ಪ | ಜುಲೈ 19

36ಕ್ಕೆ ಬಂದಿರಬೇಕಲ್ಲ. ನಿಮ್ಮ ಮನೆಯವರಿಗೆ ನಾಲ್ಕು ಮಾತು. ರಾತ್ರಿ ಎರಡು ಗಂಟೆಗೆ ಕರೆದರೆ ಬರುವ ಗಾಡಿಯ ನಂಬರ್ ಎರಡಾದರೂ ಇರಲಿ, 108 ಹೇಗೂ ಇದೆ. ರಕ್ತ ಬೇಕಾದರೆ ಕೊಡುವ ಇಬ್ಬರು ಗೆಳೆಯರಿಗೆ ಈಗಲೇ ಹೇಳಿಡಿ. ಆಸ್ಪತ್ರೆಯಲ್ಲಿ ರಾತ್ರಿ ತೆರೆದಿರುವ ಬಾಗಿಲು ಯಾವುದು ಅಂತ ಹೋಗಿ ನೋಡಿ ಬನ್ನಿ. ನಾನು ಮುಂಬಾಗಿಲಿಗೆ ಹೋಗಿ ಹತ್ತು ನಿಮಿಷ ಬಡಿದವನು.

ಲೈನ್ ಬಜಾರ್ ಸಿಸ್ಟರ್ | ಜುಲೈ 19

ಮಗು ತಲೆ ಕೆಳಗಾಗಿದೆಯಾ ಕೇಳು. ಊಟದ ಮೇಲೆ ಎಡಮಗ್ಗುಲಿಗೆ ಮಲಗಿ ಒದೆತ ಎಣಿಸು, ಎರಡು ತಾಸಿನಲ್ಲಿ ಹತ್ತು ಸಿಗಬೇಕು. ಕಡಿಮೆ ಅನಿಸಿದರೆ "ಮಲಗಿರಬೇಕು ಪಾಪ" ಅಂತ ಬೆಳಗಿನ ತನಕ ಕಾಯಬೇಡ. ಸುಳ್ಳು ಬ್ಯಾನಿ (ಹೆರಿಗೆ ನೋವು) ನಡೆದಾಡಿದರೆ ಹೋಗುತ್ತೆ. ನಿಜವಾದದ್ದು ಹತ್ತಿರ ಹತ್ತಿರ ಬರುತ್ತೆ. ಐದು ನಿಮಿಷಕ್ಕೊಂದು ಬಂದು, ಒಂದೊಂದು ನಿಮಿಷ ನಿಂತು, ಒಂದು ತಾಸು ಹಾಗೇ ನಡೆದರೆ ಹೊರಡು. ನೀರು ಒಡೆದರೆ, ರಕ್ತ ಕಂಡರೆ ನೋವಿಗೆ ಕಾಯಲೇಬೇಡ. ನೀರು ಹಸಿರಾಗಿದ್ದರೆ ಇನ್ನೂ ಬೇಗ.

ಸವಣೂರ ಹುಡುಗಿ | ಆಗಸ್ಟ್ 14

ಆಗಸ್ಟ್ 9ರ ಬೆಳಗಿನ ಜಾವ ಮಗಳು ಹುಟ್ಟಿದಳು. 38 ವಾರ 6 ದಿನ. 2.9 ಕೆಜಿ. ಸಹಜ ಹೆರಿಗೆ. ಅವ್ವನ ದಿನವೂ ಅಲ್ಲ, ಡಾಕ್ಟರ ದಿನವೂ ಅಲ್ಲ. ಹಿಂಬಾಗಿಲಿನಿಂದಲೇ ಹೋದೆವು!

ಹುಟ್ಟಿದ ಸ್ವಲ್ಪ ಹೊತ್ತಿಗೆ ಹಿಮ್ಮಡಿ ಚುಚ್ಚಿ ಅವಳ ಸಕ್ಕರೆ ನೋಡಿದರು, ಸರಿ ಇತ್ತು. ಒಂದು ತಾಸಿನೊಳಗೆ ಹಾಲು ಕುಡಿದಳು. ಅವ್ವ ಜೇನು ನೆಕ್ಕಿಸಲು ಬೆರಳು ಎತ್ತಿದ್ದಳು. ಅಲ್ಲಿನ ಸಿಸ್ಟರ್ ಒಬ್ಬರು ನೋಡಿದ ನೋಟಕ್ಕೆ ಬೆರಳು ತಾನಾಗಿ ಇಳಿಯಿತು. ನಿಮ್ಮ ನೆನಪಾಯಿತು ಸಿಸ್ಟರ್.

ಮುಂದಿನ ವಾರ ಸವಣೂರಿಗೆ. ಅಂಟಿನುಂಡಿಗೆ ಅವ್ವ ಈಗಲೇ ಕೊಬ್ಬರಿ ಹೆರೆಯುತ್ತಿದ್ದಾಳೆ. ಒಂದು ಪ್ರಶ್ನೆ: ಮಗುವಿನ ಒಂದೂವರೆ ತಿಂಗಳ ಲಸಿಕೆ ಸವಣೂರಿನಲ್ಲೇ ಹಾಕಿಸಬಹುದಾ? ಇಲ್ಲೇ ಬರಬೇಕಾ?

ಲೈನ್ ಬಜಾರ್ ಸಿಸ್ಟರ್ | ಆಗಸ್ಟ್ 14

ಬಂಗಾರದಂಥ ಸುದ್ದಿ. ಲಸಿಕೆ ಅಲ್ಲೇ ಹಾಕಿಸು, ಸೆಪ್ಟೆಂಬರ್ 20ರ ಆಸುಪಾಸು. ಅವತ್ತೇ ನಿನ್ನ ಸಕ್ಕರೆಯನ್ನೂ ಇನ್ನೊಮ್ಮೆ ನೋಡಿಸು, ಆರು ವಾರಕ್ಕೆ ಅದು ಆಗಲೇಬೇಕು. ಅಂಟಿನುಂಡಿಯಲ್ಲಿ ಬೆಲ್ಲ ಇದೆ, ದಿನಕ್ಕೆ ಒಂದು ಸಣ್ಣದು. ಹುಟ್ಟಿದ ನೋಂದಣಿ 21 ದಿನದೊಳಗೆ, ಅದನ್ನು ಹೊರಡುವ ಮೊದಲು ಹುಬ್ಬಳ್ಳಿಯಲ್ಲೇ ವಿಚಾರಿಸಿಕೋ.

ಬೆಟಗೇರಿ ಅಕ್ಕ | ಆಗಸ್ಟ್ 14

ತಾಯಿ ಕಾರ್ಡ್ ಯಾರ ಚೀಲದಲ್ಲಿದೆ?

ಸವಣೂರ ಹುಡುಗಿ | ಆಗಸ್ಟ್ 15

ಅವ್ವನ ಚೀಲದಲ್ಲಿ, ಸೀರೆಗಳ ಮೇಲೆ. ಅವಳೇ ಇಟ್ಟುಕೊಂಡಳು ಅಕ್ಕ.